ನೀರಿಲ್ಲದ ಸ್ನಾನ

ಸ್ನಾನವೆಂದರೆ ನಮಗೆ ನೀರು ಬೇಕೇ ಬೇಕು. ಬಾವಿಯದೋ ನಲ್ಲಿಯದೋ, ನಾಲ್ಕು ತಂಬಿಗೆ ನೀರು ಮೈಮೇಲೆ ಬಿದ್ದರೇ ಸ್ನಾನ. ಆದರೆ ಜಪಾನ್ ದೇಶದಲ್ಲಿ ಬಟ್ಟೆ ಬಿಚ್ಚದೆ, ಒಂದು ಹನಿ ನೀರನ್ನೂ ಮುಟ್ಟದೆ ಮಾಡುವ ಸ್ನಾನವೊಂದಿದೆ. ಅದರ ಹೆಸರು ‘ಶಿನ್‌ರಿನ್ ಯೋಕು’. ಶಿನ್‌ರಿನ್ ಎಂದರೆ ಕಾಡು, ಯೋಕು ಎಂದರೆ ಸ್ನಾನ. ಕಾಡಿನ ನಡುವೆ ಅವಸರವಿಲ್ಲದೆ ಇದ್ದು, ಅಲ್ಲಿಯ ಗಾಳಿ, ನೆರಳು, ಸದ್ದು, ಪರಿಮಳಗಳಲ್ಲಿ ಮೈಮನಗಳನ್ನು ತೋಯಿಸಿಕೊಳ್ಳುವುದೇ ಈ ಸ್ನಾನ.

ಬಿ.ಪಿ., ಸಕ್ಕರೆ ಕಾಯಿಲೆ, ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಸಿಡುಕುವುದು ಇವೆಲ್ಲ ಇಂದು ನಮ್ಮ ಮನೆಮನೆಯ ಮಾತಾಗಿವೆ. ಹೀಗಿರುವಾಗ ಜಪಾನೀಯರ ಈ ಅಭ್ಯಾಸದಿಂದ ನಿಜವಾಗಿ ಏನು ಪ್ರಯೋಜನ, ನಾವು ಅದರಿಂದ ಏನು ಕಲಿಯಬಹುದು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಹೆಸರು ಬಂದ ಬಗೆ

ಇದು ಪುರಾತನ ಪದ್ಧತಿಯೆಂದು ಕೆಲವರು ತಿಳಿದಿದ್ದಾರೆ. ಆದರೆ ಹೆಸರು ಹುಟ್ಟಿದ್ದು 1982ರಲ್ಲಿ. ಜಪಾನ್ ಸರಕಾರದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ತೊಮೊಹಿದೆ ಅಕಿಯಾಮ ಅವರು ಈ ಪದವನ್ನು ಬಳಕೆಗೆ ತಂದರು. ಆ ಕಾಲಕ್ಕೆ ಜಪಾನಿನ ಜನ ನಗರಗಳಲ್ಲಿ ಕಿಕ್ಕಿರಿದಿದ್ದರು. ದುಡಿಮೆಯ ಹೊರೆಯಿಂದಲೇ ಜನ ಸಾಯುವುದಕ್ಕೆ ಅವರ ಭಾಷೆಯಲ್ಲಿ ‘ಕರೋಶಿ’ ಎಂಬ ಬೇರೆ ಪದವೇ ಇದೆ. ಜನರು ಕಾಡಿಗೆ ಬಂದರೆ ಅವರ ಆರೋಗ್ಯವೂ ಸುಧಾರಿಸುತ್ತದೆ, ಕಾಡಿನ ಮೇಲೆ ಅವರಿಗೆ ಪ್ರೀತಿಯೂ ಹುಟ್ಟುತ್ತದೆ ಎಂಬುದು ಇಲಾಖೆಯ ಆಲೋಚನೆಯಾಗಿತ್ತು.

ಮೊದಲ ಅರಣ್ಯ ಸ್ನಾನ ನಡೆದದ್ದು ನಾಗಾನೊ ಪ್ರಾಂತದ ಕಿಸೊ ಕಣಿವೆಯಲ್ಲಿರುವ ಅಕಸಾವ ಎಂಬ ಕಾಡಿನಲ್ಲಿ. ಅಲ್ಲಿ ‘ಹಿನೊಕಿ’ ಎಂಬ ಪರಿಮಳದ ಮರಗಳಿವೆ. ಅನೇಕ ಮರಗಳಿಗೆ 300 ವರ್ಷ ದಾಟಿದೆ. ಇವು ಉಳಿದದ್ದು ಹೇಗೆ? 17ನೆಯ ಶತಮಾನದಲ್ಲಿ ಕೋಟೆ, ಪಟ್ಟಣಗಳನ್ನು ಕಟ್ಟಲು ಮರಗಳನ್ನು ಮಿತಿಮೀರಿ ಕಡಿದು ಕಣಿವೆ ಬೋಳಾಗುತ್ತಾ ಬಂದಿತ್ತು. ಆಗ ಅಲ್ಲಿಯ ಅರಸು ಮನೆತನದವರು ಕಡಿಯುವುದನ್ನು ನಿಷೇಧಿಸಿದರು. ಒಂದು ಮರ ಕಡಿದರೆ ಒಂದು ತಲೆ ಎಂಬಷ್ಟು ಕಠಿಣ ಕಾನೂನು ಅದು. ಮುಂದೆ ಮರದ ದಿಮ್ಮಿ ಸಾಗಿಸಲು ಹಾಕಿದ್ದ ಪುಟ್ಟ ರೈಲಿನಲ್ಲಿ ಈಗ ಕಾಡು ನೋಡಲು ಬಂದವರು ಪ್ರಯಾಣಿಸುತ್ತಾರೆ.

ವೈದ್ಯರು ಕಂಡದ್ದೇನು?

ಕಾಡಿಗೆ ಹೋದರೆ ಮನಸ್ಸು ಹಗುರವಾಗುತ್ತದೆಂದು ಹೇಳಲು ವಿಜ್ಞಾನಿ ಬೇಕಾಗಿಲ್ಲ. ಆದರೆ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರು ಜಪಾನಿನ ಸಂಶೋಧಕರು. ಚಿಬಾ ವಿಶ್ವವಿದ್ಯಾನಿಲಯದ ಯೊಶಿಫುಮಿ ಮಿಯಾಝಾಕಿ ಮತ್ತು ಸಂಗಡಿಗರು 24 ಕಾಡುಗಳಲ್ಲಿ 280 ಯುವಕರನ್ನು ಪರೀಕ್ಷಿಸಿದರು. ಅರ್ಧ ಜನ ಮೊದಲ ದಿನ ಕಾಡಿಗೆ, ಉಳಿದವರು ಪೇಟೆಗೆ, ಮರುದಿನ ಅದಲುಬದಲು. ಎರಡೂ ಕಡೆ ಸುಮಾರು ಕಾಲು ಗಂಟೆ ಕುಳಿತು ನೋಡುವುದು, ಸುಮಾರು ಕಾಲು ಗಂಟೆ ನಡೆಯುವುದು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆತಂಕದ ಸಮಯದಲ್ಲಿ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣ ಪೇಟೆಯಲ್ಲಿದ್ದುದಕ್ಕಿಂತ ಕಾಡಿನಲ್ಲಿ ಶೇ. 13ರಿಂದ 16ರಷ್ಟು ಕಡಿಮೆಯಿತ್ತು. ನಾಡಿಬಡಿತ ನಿಧಾನವಾಗಿತ್ತು. ರಕ್ತದೊತ್ತಡವೂ ತುಸು ಇಳಿದಿತ್ತು, ಆದರೆ ಆ ಇಳಿತ ಸುಮಾರು ಶೇ. 2ರಷ್ಟೇ.

ತೋಕಿಯೊದ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಡಾ. ಚಿಂಗ್ ಲೀ ಅವರು ಇನ್ನೊಂದು ಪ್ರಯೋಗ ಮಾಡಿದರು. 2005ರಲ್ಲಿ 12 ಮಂದಿ ನೌಕರರನ್ನು ಮೂರು ದಿನ ಈಯಾಮ ಎಂಬಲ್ಲಿಯ ಕಾಡಿಗೆ ಕರೆದೊಯ್ದರು. ರೋಗಾಣು ತಗುಲಿದ ಜೀವಕೋಶಗಳನ್ನು ನಾಶಮಾಡುವ ಒಂದು ಬಗೆಯ ಬಿಳಿ ರಕ್ತಕಣಗಳ ಚಟುವಟಿಕೆ ಅವರಲ್ಲಿ ಸುಮಾರು ಅರ್ಧಪಟ್ಟು ಹೆಚ್ಚಿತು. ಮುಂದಿನ ಪ್ರಯೋಗದಲ್ಲಿ ನಗರಕ್ಕೆ ಪ್ರವಾಸ ಹೋದಾಗ ಈ ಏರಿಕೆ ಕಾಣಲಿಲ್ಲ. ಕೀಟ, ರೋಗಾಣುಗಳಿಂದ ಪಾರಾಗಲು ಮರಗಳು ಗಾಳಿಗೆ ಬಿಡುವ ಪರಿಮಳದ ಅಂಶಗಳೂ ಇದಕ್ಕೆ ಕಾರಣವಿರಬಹುದೆಂದು ಅವರು ಹೇಳುತ್ತಾರೆ.

ಔಷಧ ಬಿಡಬಾರದು

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಕೆಲವೇ ಜನರ ಮೇಲೆ, ಅದರಲ್ಲೂ ಆರೋಗ್ಯವಂತ ಗಂಡಸರ ಮೇಲೆ ನಡೆದವು. ರಕ್ತಕಣಗಳು ಚುರುಕಾದವು ಎಂದರೆ ಕ್ಯಾನ್ಸರ್ ಗುಣವಾಯಿತು ಎಂದಲ್ಲ. ಸುಮಾರು ಶೇ. 2ರಷ್ಟೇ ಇಳಿಯುವ ರಕ್ತದೊತ್ತಡವನ್ನು ನಂಬಿ ಬಿ.ಪಿ. ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಕಾಡು ಔಷಧಕ್ಕೆ ಜೊತೆಗಾರ; ಬದಲಿಯಲ್ಲ.

ಮನೆಯಿಂದ ಹೊರಡಲಾಗದವರಿಗೆ

ಹಾಸಿಗೆ ಹಿಡಿದವರು ಏನು ಮಾಡಬೇಕು? ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರದಂತಿದೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ನೋವಿಗೆ ಬಲವಾದ ಮದ್ದನ್ನೂ ಕಡಿಮೆ ಕೇಳಿದರು.

ಇದಕ್ಕೆ ಖರ್ಚಿಲ್ಲ. ಮನೆಯಲ್ಲಿ ಕಾಯಿಲೆಯ ಅಜ್ಜ ಅಜ್ಜಿಯರಿದ್ದರೆ ಅವರ ಮಂಚವನ್ನು ಒಳಕೋಣೆಯ ಮೂಲೆಯಿಂದ ಕಿಟಕಿಯ ಪಕ್ಕಕ್ಕೆ ಸರಿಸೋಣ. ಅಂಗಳದ ಹಲಸಿನ ಮರವೋ ಬೇವಿನ ಮರವೋ ಅವರ ಕಣ್ಣಿಗೆ ಬೀಳಲಿ.

ನಮ್ಮ ಊರಿನಲ್ಲಿ ಹೇಗೆ?

ಸೋಲಾಪುರ, ಆದೋನಿ, ರಾಯದುರ್ಗದ ಕಡೆಯ ನಮ್ಮ ಕುಟುಂಬಗಳು ‘ನಮ್ಮ ಬಿಸಿಲುಸೀಮೆಯಲ್ಲಿ ಕಾಡೆಲ್ಲಿದೆ?’ ಎಂದು ಕೇಳಬಹುದು. ಅಕಸಾವದಂಥ ಕಾಡೇ ಆಗಬೇಕೆಂದಿಲ್ಲ. ಮಿಯಾಝಾಕಿ ಅವರ ತಂಡ ನಗರದ ಉದ್ಯಾನದಲ್ಲೂ ಜನರನ್ನು ಕಾಲು ಗಂಟೆ ನಡೆಸಿ ನೋಡಿತು. ಅಲ್ಲಿಯೂ ನಾಡಿಬಡಿತ ಇಳಿಯಿತು. ಇಂಗ್ಲೆಂಡಿನ ಸುಮಾರು 20,000 ಜನರನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು. ಒಂದೇ ಸಲವಾದರೂ ಸರಿ, ಸ್ವಲ್ಪಸ್ವಲ್ಪವಾದರೂ ಸರಿ. ಊರಾಚೆಯ ಹುಣಸೆ ತೋಪು, ಕೆರೆ ಏರಿಯ ಆಲದ ಮರ ನಮಗೆ ಸಾಕು.

ವಯನಾಡು, ನೀಲಗಿರಿ, ತಾಳವಾಡಿಯ ಕಡೆ ಕಾಡು ಮನೆಬಾಗಿಲಲ್ಲೇ ಇದೆ. ಅಲ್ಲಿ ಅನೇಕರಿಗೆ ಕಾಡು ಎಂದರೆ ಸೌದೆ ಹೊರುವ, ಕೂಲಿಗೆ ನಡೆಯುವ ದಾರಿ. ಹೊರೆ ಹೊತ್ತು ನಡೆಯುವುದು ದುಡಿಮೆ. ಹೊರೆ ಇಳಿಸಿ ಕೂರುವುದು ಸ್ನಾನ. ಆನೆ ಓಡಾಡುವ ಜಾಗಕ್ಕೂ ಅರಣ್ಯ ಇಲಾಖೆ ನಿಷೇಧಿಸಿದ ಕಡೆಗೂ ಹೋಗಲೇಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಅದು ಹರಡುವುದು ಉಣ್ಣೆಯ ಕಡಿತದಿಂದ. ಮಂಗ ಸತ್ತು ಬಿದ್ದಿರುವ ಸುದ್ದಿ ಬಂದರೆ ಆ ಕಾಡಿಗೆ ಕಾಲಿಡಬೇಡಿ.

ಹೀಗೆ ಮಾಡೋಣ

* ಮೊಬೈಲನ್ನು ಮನೆಯಲ್ಲಿ ಬಿಡೋಣ, ಇಲ್ಲವೇ ಆರಿಸಿ ಕಿಸೆಯಲ್ಲಿಡೋಣ.
* ಬೇಗ ನಡೆಯುವುದು ಬೇಡ. ಇದು ವ್ಯಾಯಾಮವಲ್ಲ, ನಾಲ್ಕು ಹೆಜ್ಜೆಗೊಮ್ಮೆ ನಿಂತರೂ ಚಿಂತೆಯಿಲ್ಲ.
* ಒಂದು ಕಡೆ ಕುಳಿತು ಕಣ್ಣು ಮುಚ್ಚಿ ಎಷ್ಟು ಬಗೆಯ ಸದ್ದು ಕೇಳುತ್ತದೆಂದು ಎಣಿಸೋಣ. ಮಕ್ಕಳಿಗೆ ಇದು ಆಟವೂ ಹೌದು.
* ಎಲೆ ಮುಟ್ಟಿ, ಮಣ್ಣಿನ ವಾಸನೆ ನೋಡೋಣ. ಗುರುತಿಲ್ಲದ ಕಾಯಿ, ಅಣಬೆ ತಿನ್ನುವುದು ಬೇಡ.
* ಸಾಲ, ಜಮೀನು, ಪರೀಕ್ಷೆಯ ಅಂಕಗಳ ಮಾತು ಅಷ್ಟು ಹೊತ್ತು ಬೇಡ.
* ಪ್ಲಾಸ್ಟಿಕ್ ಒಯ್ದರೆ ತಿರುಗಿ ತರೋಣ.

ಭಾನುವಾರ ಸಂಜೆ ಟಿ.ವಿ. ಮುಂದೆ ಕಳೆಯುವ ಎರಡು ಗಂಟೆಯಲ್ಲಿ ಒಂದನ್ನು ಹೀಗೆ ಕಳೆದು ನೋಡೋಣ. ಕಿಸೊ ಕಣಿವೆಯಲ್ಲಿ ಅಂದು ಕೊಡಲಿಯನ್ನು ತಡೆದು ನಿಲ್ಲಿಸಿದ್ದರಿಂದಲೇ ಇಂದು ಅಲ್ಲಿ ದಣಿದವರಿಗೆ ನೆರಳಿದೆ. ನಮ್ಮ ಅಂಗಳದ ಮರವನ್ನು ಕಡಿಯುವ ಮೊದಲು, ಅದರ ಕೆಳಗೆ ಮುಂದೆ ಯಾರು ಕೂರಬೇಕಾಗಿತ್ತು ಎಂದು ಒಮ್ಮೆ ಯೋಚಿಸೋಣ.