ಎಡನೀರು ಕೇಸಿನ ನೆಲದಲ್ಲಿ ಲಾ ಓದುವವರು ಬೇಕಾಗಿದ್ದಾರೆ

ಕಾಸರಗೋಡು: ಪ್ಲಸ್ ಟು ಫಲಿತಾಂಶ ಬಂದ ಕೂಡಲೇ ಗಡಿನಾಡಿನ ಮನೆ ಜಗಲಿಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. 'ಮಾರ್ಕು ಒಳ್ಳೇದುಂಟಲ್ಲ, ನರ್ಸಿಂಗಿಗೆ ಹೋಗು. ಇಲ್ಲದಿದ್ರೆ ಬಿ.ಕಾಂ. ಮಾಡು. ರಾಜ್ಯಶಾಸ್ತ್ರ ಓದಿ ಎಂತ ಮಾಡ್ಲಿಕ್ಕುಂಟು?' ಬೇರೆಲ್ಲೂ ಸೀಟು ಸಿಗದವರು ಸೇರುವ ಕೋರ್ಸು ಅದು ಎಂಬ ಭಾವನೆ ಹಲವರಲ್ಲಿ ಇನ್ನೂ ಉಳಿದಿದೆ.

ಆದರೆ ದೇಶದ ಯಾವ ಮೂಲೆಯಲ್ಲಿ ಸಂವಿಧಾನ ಪಾಠ ಮಾಡಿದರೂ ಹೇಳಲೇಬೇಕಾದ ಮೊಕದ್ದಮೆಯೊಂದು ಹೊರಟದ್ದು ಇಲ್ಲಿಂದಲೇ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನಿಗೆ ಸಂಚಕಾರ ಬಂದಾಗ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನಾನಿ ಪಾಲ್ಖಿವಾಲಾ ವಾದ ಮಂಡಿಸಿದರು. 13 ಮಂದಿ ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ನೀಡಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದೇ ಆ ತೀರ್ಪಿನ ತಿರುಳು. ಸ್ವಾಮೀಜಿ 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದರು. ಎಡನೀರಿನ ಹೆಸರು ಮಾತ್ರ ಕಾನೂನು ಪುಸ್ತಕಗಳಲ್ಲಿ ಶಾಶ್ವತವಾಗಿ ಉಳಿದಿದೆ.

ಪುಸ್ತಕದ ಪಾಠ, ನಮ್ಮ ಮನೆ ವಿಷಯ

ರಾಜ್ಯಶಾಸ್ತ್ರ ಪದವಿಯಲ್ಲಿ ರಾಜಕೀಯ ಚಿಂತನೆ, ಭಾರತದ ಸಂವಿಧಾನ, ಕೇಂದ್ರ-ರಾಜ್ಯ ಸಂಬಂಧ, ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ಸಂಬಂಧ ಇತ್ಯಾದಿ ಕಲಿಯಲಿಕ್ಕಿದೆ. ರಾಜ್ಯ ಪುನರ್ವಿಂಗಡಣೆ ಬೇರೆ ಊರಿನ ಮಕ್ಕಳಿಗೆ ಪರೀಕ್ಷೆಯ ಪ್ರಶ್ನೆ, ನಮ್ಮವರಿಗೆ ಅಜ್ಜ-ಅಜ್ಜಿ ಕಂಡ ಸಂಗತಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ವರದಿಯಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ.

ಗಡಿ ಬದಲಾಗದಿದ್ದರೂ ಹಕ್ಕುಗಳಿವೆ. ನುಡಿ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳಲು 29ನೇ ವಿಧಿ, ಅಲ್ಪಸಂಖ್ಯಾಕರು ಶಾಲೆ ನಡೆಸಲು 30ನೇ ವಿಧಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯಕ್ಕೆ 350-ಎ, ಭಾಷಾ ಅಲ್ಪಸಂಖ್ಯಾಕರ ವಿಶೇಷ ಅಧಿಕಾರಿಗೆ 350-ಬಿ. ಇವೆರಡೂ 1956ರ ಏಳನೇ ತಿದ್ದುಪಡಿಯಲ್ಲಿ ಬಂದವು. ಯಾರು ಅಲ್ಪಸಂಖ್ಯಾಕರು ಎಂಬುದನ್ನು ರಾಜ್ಯವಾರು ಲೆಕ್ಕ ಹಾಕಬೇಕು ಎಂದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ, ಕಚೇರಿಯ ಅರ್ಜಿ ನಮೂನೆ ಓದಲಿಕ್ಕೇ ಆಗದಿದ್ದರೆ ನಾವು ಮೆರವಣಿಗೆ ಮಾಡುತ್ತೇವೆ, ಮನವಿ ಕೊಡುತ್ತೇವೆ. ಅದೂ ಬೇಕು. ಆದರೆ ಆ ಮನವಿಯಲ್ಲಿ ಯಾವ ವಿಧಿ, ಯಾವ ತೀರ್ಪು ಎಂದು ಬರೆಯುವವರು, ಉತ್ತರ ಬಾರದಿದ್ದರೆ ನ್ಯಾಯಾಲಯದವರೆಗೆ ಹಿಡಿದು ಹೋಗುವವರು ನಮ್ಮಲ್ಲಿ ಎಷ್ಟು ಮಂದಿ?

ಲಾ ಕಾಲೇಜಿಗೆ ಎರಡು ದಾರಿ

ಪ್ಲಸ್ ಟು ಮುಗಿಸಿ ನೇರವಾಗಿ ಐದು ವರ್ಷದ ಕೋರ್ಸಿಗೆ ಸೇರುವುದು ಒಂದು ದಾರಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಪರೀಕ್ಷೆ, ಕೇರಳದ ಸರ್ಕಾರಿ ಲಾ ಕಾಲೇಜುಗಳಿಗೆ ರಾಜ್ಯದ್ದೇ ಪ್ರವೇಶ ಪರೀಕ್ಷೆ. ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಮಾಡುವುದು ಇನ್ನೊಂದು. ಇದಕ್ಕೂ ಕೇರಳದಲ್ಲಿ ಪ್ರವೇಶ ಪರೀಕ್ಷೆ ಉಂಟು. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಿದ್ದರೂ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಲ್ಲಿ ಮೂರು ವರ್ಷದ ಕೋರ್ಸು ಆರಂಭಿಸಿದೆ. ಗಡಿ ದಾಟಿದರೆ ಮಂಗಳೂರು, ಉಡುಪಿಗಳಲ್ಲಿ ಲಾ ಕಾಲೇಜುಗಳಿವೆ.

ಲಾ ಸೇರಲು ರಾಜ್ಯಶಾಸ್ತ್ರವೇ ಓದಿರಬೇಕೆಂಬ ನಿಯಮವಿಲ್ಲ. ಯಾವ ಪದವಿಯಾದರೂ ಆಗುತ್ತದೆ, ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45 ಅಂಕ ಬೇಕು. ಆದರೆ ಸಂವಿಧಾನ, ಸಂಸತ್ತು, ನ್ಯಾಯಾಂಗಗಳನ್ನು ಮೂರು ವರ್ಷ ಓದಿದವರಿಗೆ ಲಾ ಕಾಲೇಜಿನ ಮೊದಲ ಪಾಠಗಳು ಹೊಸತೆನಿಸುವುದಿಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ಅಡ್ಡಿ ಇಂಗ್ಲಿಷು. ಕ್ಲಾಟ್ ಇಂಗ್ಲಿಷಿನಲ್ಲೇ ನಡೆಯುತ್ತದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ, ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಉದ್ದ ಉದ್ದ ಗದ್ಯಭಾಗ ಓದಿ ಉತ್ತರಿಸಬೇಕಾದ್ದರಿಂದ ಬಾಯಿಪಾಠ ಉಪಯೋಗಕ್ಕೆ ಬರುವುದಿಲ್ಲ. ಪ್ಲಸ್ ವನ್‌ನಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡುವುದು ಖರ್ಚಿಲ್ಲದ ಅಭ್ಯಾಸ. ಜೊತೆಗೆ ಸಂವಿಧಾನದ ಕನ್ನಡ ಪ್ರತಿಯೊಂದು ಮನೆಯಲ್ಲಿರಲಿ. ಇಂಗ್ಲಿಷ್ ಪ್ರತಿಯೊಂದಿಗೆ ಇಟ್ಟು ಓದಿದರೆ ಕಾನೂನಿನ ಪದಗಳು ತಾನಾಗಿ ಹಿಡಿತಕ್ಕೆ ಬರುತ್ತವೆ.

ಮಲಯಾಳವನ್ನೂ ಬಿಡುವಂತಿಲ್ಲ. ಇಲ್ಲಿ ಕಡತಗಳಿರುವುದು ಆ ಭಾಷೆಯಲ್ಲಿ, ಹೈಕೋರ್ಟಿನ ವಾದ ಇಂಗ್ಲಿಷಿನಲ್ಲಿ. ಜಾಗದ ಆಧಾರ ಹಿಡಿದು ಬರುವ ಅಜ್ಜ ತನ್ನ ಕಷ್ಟ ಹೇಳಿಕೊಳ್ಳುವುದು ಕನ್ನಡದಲ್ಲೋ ತುಳುವಿನಲ್ಲೋ. ಅದನ್ನು ಕೇಳಿ, ಕಡತ ಓದಿ, ವಾದ ಬರೆಯಬಲ್ಲವರು ಗಡಿನಾಡಿನ ಮಕ್ಕಳೇ ಆಗಬೇಕಷ್ಟೆ. ಈ ಸಲ ನಿಮ್ಮ ಮನೆಯ ಹುಡುಗಿ ರಾಜ್ಯಶಾಸ್ತ್ರ ತೆಗೆದುಕೊಳ್ಳುತ್ತೇನೆ ಎಂದರೆ, 'ಎಂತ ಮಾಡ್ಲಿಕ್ಕುಂಟು?' ಎನ್ನುವ ಮೊದಲು ಒಮ್ಮೆ ಎಡನೀರನ್ನು ನೆನಪಿಸಿಕೊಳ್ಳಿ.