ಏಳು ಸುತ್ತಿನ ಕೋಟೆ, ಒಂದು ಕೊಡ ನೀರು

"ತಾತ, ಓಬವ್ವ ನಿಜವಾಗಿ ಇದ್ದಳಾ?"

ಹೋದ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ, ಐದನೇ ತರಗತಿಯ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದು ಕೇಳಿದ ಪ್ರಶ್ನೆ ಇದು. ನವೆಂಬರ್ 11 ಒನಕೆ ಓಬವ್ವನ ಜಯಂತಿ. 2021ರಿಂದ ನಮ್ಮ ರಾಜ್ಯ ಸರ್ಕಾರವೇ ಅದನ್ನು ಆಚರಿಸುತ್ತಿದೆ. ಅಂದು ಶಾಲೆಯಲ್ಲಿ ಇವಳು ಐದು ನಿಮಿಷ ಮಾತನಾಡಬೇಕಿತ್ತು. ಆದರೆ ತರಗತಿಯ ಹುಡುಗನೊಬ್ಬ, "ಅದೆಲ್ಲ ಸಿನಿಮಾ ಕಥೆ ಕಣೇ. ಒಬ್ಬಳೇ ಹೆಂಗಸು ಅಷ್ಟು ಜನ ಸೈನಿಕರನ್ನು ಹೊಡೆಯೋಕಾಗುತ್ತಾ? ಅಷ್ಟಕ್ಕೂ ಮಧ್ಯಾಹ್ನದ ಹೊತ್ತು ಅವಳಿಗೆ ಅಲ್ಲೇನು ಕೆಲಸ?" ಎಂದುಬಿಟ್ಟಿದ್ದ. ಇವಳು ಬರೆದಿಟ್ಟ ಭಾಷಣವನ್ನು ಹರಿದು ಹಾಕಿ ಬಂದಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಮಗಳು ಇಣುಕಿ ನೋಡಿದಳು. ಆ ನೋಟದ ಅರ್ಥ ನನಗೆ ತಿಳಿಯಿತು.

1991ರ ಸುಮಾರಿಗೆ ನಾನು ಚಿತ್ರದುರ್ಗದಲ್ಲಿ ಬ್ಯಾಂಕ್ ಗುಮಾಸ್ತ. ಆಗ ಒಂಬತ್ತು ವರ್ಷದವಳಾಗಿದ್ದ ಈ ಮಗಳು ಇದೇ ಪ್ರಶ್ನೆ ಕೇಳಿದ್ದಳು. ದಿನವಿಡೀ ಲೆಡ್ಜರ್ ನೋಡಿ ಬಂದಿದ್ದ ನಾನು, "ವೋಚರ್ ಇಲ್ಲದ ಎಂಟ್ರಿ ಅದು. ಕಥೆ ಬಿಡು, ಲೆಕ್ಕ ಮಾಡು" ಎಂದು ಗದರಿದ್ದೆ. ಅವಳು ಮತ್ತೆ ಕೇಳಲಿಲ್ಲ. ಮೂರು ವರ್ಷ ಆ ಊರಿನಲ್ಲಿದ್ದರೂ ಓಬವ್ವನ ಕಿಂಡಿಯವರೆಗೆ ನಾನು ಹೋಗಲೇ ಇಲ್ಲ. "ಮುಂದಿನ ಭಾನುವಾರ" ಎನ್ನುತ್ತಿರುವಾಗಲೇ ವರ್ಗಾವಣೆ ಬಂತು.

ಈ ಸಲ ನಾನು ಮೊಮ್ಮಗಳಿಗೆ ಹೇಳಿದೆ: "ಪುಟ್ಟಿ, ಕೇಳಿದ್ದನ್ನು ನಂಬಬೇಡ, ತಳ್ಳಿಯೂ ಹಾಕಬೇಡ. ಹೋಗಿ ನೋಡೋಣ."

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಬೆಳಗಿನ ಜಾವ ಹೊರಟೆವು. ಕಾರು ನಡೆಸಿದವಳು ಮಗಳು. ದಾರಿಯಲ್ಲಿ ಮೂರು ಪಟ್ಟಿಗಳಿರುವ ಒಂದು ಪುಸ್ತಕವನ್ನು ಮೊಮ್ಮಗಳ ಕೈಗೆ ಕೊಟ್ಟೆ. ಒಂದರಲ್ಲಿ 'ಬರೆದಿರುವುದು', ಇನ್ನೊಂದರಲ್ಲಿ 'ಕಣ್ಣಿಗೆ ಕಾಣುವುದು', ಮೂರನೆಯದರಲ್ಲಿ 'ಜನ ಹೇಳುವುದು'. ಹಳೆಯ ಗುಮಾಸ್ತನ ಅಭ್ಯಾಸ, ಏನು ಮಾಡುವುದು!

ಮೊದಲು ಹೋದದ್ದು ಕೋಟೆಗಲ್ಲ, ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಗೆ. ಅಲ್ಲಿ ಕೆರೆಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರಲ್ಲಿ ಏನು ಬರೆದಿದೆ ಗೊತ್ತೇ ಮಕ್ಕಳೇ? ಯಾವ ಯಾವ ರಾಜರನ್ನು ಸೋಲಿಸಿದ ಎಂಬುದರ ಜೊತೆಗೆ, ಮಯೂರಶರ್ಮ ಇಲ್ಲಿ ಕೆರೆಯನ್ನು ಮಾಡಿಸಿದ ಎಂಬ ಮಾತಿದೆ. ಕಲ್ಲಿನ ನಾಡಿನಲ್ಲಿ ರಾಜನೊಬ್ಬ ಹೆಮ್ಮೆಯಿಂದ ಕೆತ್ತಿಸಿದ್ದು ನೀರಿನ ವಿಷಯ! ಮೊಮ್ಮಗಳು 'ಬರೆದಿರುವುದು' ಪಟ್ಟಿಯಲ್ಲಿ ಮೊದಲ ಸಾಲು ಬರೆದಳು: "ಕೆರೆ."

ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವ ವಿದ್ವಾಂಸರು ಉತ್ಖನನ ನಡೆಸಿದರು. ಇಲ್ಲಿ ಸಾತವಾಹನರ ಕಾಲದ ನಾಣ್ಯಗಳಷ್ಟೇ ಅಲ್ಲ, ರೋಮ್ ದೇಶದ ನಾಣ್ಯಗಳೂ ಸಿಕ್ಕಿವೆ. ಅಂದರೆ ಕೋಟೆ ಕಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿ ಜನ ಬಾಳಿ ಬದುಕಿದ್ದರು.

ಬೆಟ್ಟದ ಮೇಲೆ ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು, ಒಬ್ಬರಾದ ಮೇಲೆ ಒಬ್ಬರು ತಮ್ಮ ಗುರುತು ಬಿಟ್ಟಿದ್ದಾರೆ. ಹಳೆಯ ಶಾಸನಗಳಲ್ಲಿ ಈ ಊರಿಗೆ ಬೆಮ್ಮತ್ತನಕಲ್ಲು ಎಂಬ ಹೆಸರೂ ಇದೆ. ಚಿತ್ರಕಲ್ಲು ದುರ್ಗ ಎಂಬುದು ಬಾಯಿಂದ ಬಾಯಿಗೆ ಸವೆದು ಚಿತ್ರದುರ್ಗವಾಯಿತು. ಸುತ್ತಲಿನ ಊರಿನವರಿಗೆ ಅಷ್ಟೂ ಬೇಡ, 'ದುರ್ಗ' ಎಂದರೆ ಸಾಕು. ವಿಜಯನಗರದವರ ಕೈಕೆಳಗೆ ನಾಯಕನಾದ ತಿಮ್ಮಣ್ಣ ನಾಯಕನಿಂದ, ಅಂದರೆ 1568ರಿಂದ, ಕೊನೆಯ ಮದಕರಿ ನಾಯಕನವರೆಗೆ, ಅಂದರೆ 1779ರವರೆಗೆ, ದುರ್ಗವನ್ನು ಆಳಿದ್ದು ನಾಯಕರ ವಂಶ. ಇಂದು ನಾವು ನೋಡುವ ಏಳು ಸುತ್ತಿನ ಕೋಟೆ ಬೆಳೆದು ಬಲಿತದ್ದು ಇವರ ಕಾಲದಲ್ಲಿ.

ಕೋಟೆಯ ದಾರಿ ನೇರವಾಗಿಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ. ಪಕ್ಕಕ್ಕೆ ತಿರುಗಬೇಕು. ಮತ್ತೊಂದು ಬಾಗಿಲು, ಮತ್ತೊಂದು ತಿರುವು. "ಯಾಕೆ ತಾತ, ನೇರ ದಾರಿ ಮಾಡಲು ಬರುತ್ತಿರಲಿಲ್ಲವಾ?" ಎಂದಳು. ಅವಳನ್ನು ಹತ್ತು ಹೆಜ್ಜೆ ಓಡಲು ಹೇಳಿದೆ. ಗೋಡೆ ಎದುರಾಗಿ ನಿಂತಳು. "ಈಗ ನೀನು ಆನೆ ಎಂದುಕೋ. ಬಾಗಿಲು ಮುರಿಯಬೇಕಾದರೆ ದೂರದಿಂದ ಓಡಿ ಬಂದು ಗುದ್ದಬೇಕು. ಇಲ್ಲಿ ಓಡಲು ಜಾಗವೆಲ್ಲಿ?" ಅವಳಿಗೆ ಅರ್ಥವಾಯಿತು. ಈ ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ ಎಂದು ಲೆಕ್ಕ ಹೇಳುತ್ತಾರೆ. ಕೊನೆಯ ಸಂಖ್ಯೆಯನ್ನು ನೆನಪಿಡಿ, ಮಕ್ಕಳೇ. ನಮ್ಮ ಕಥೆ ಇರುವುದೇ ಅಂಥ ಒಂದು ದಾರಿಯಲ್ಲಿ.

ಮೇಲೆ ಹತ್ತುತ್ತ ತಿಮ್ಮಣ್ಣ ನಾಯಕನ ಕಥೆ ಹೇಳಿದೆ. ವಿಜಯನಗರದ ಸೇನೆ ದುರ್ಗದ ಮೇಲೆ ಬಂದಿತ್ತಂತೆ. ಒಂದು ರಾತ್ರಿ ತಿಮ್ಮಣ್ಣ ಒಬ್ಬನೇ ಶತ್ರುಗಳ ಪಾಳೆಯಕ್ಕೆ ನುಗ್ಗಿ ಸೇನಾಪತಿಯ ಕುದುರೆಯನ್ನು ಬಿಚ್ಚಲು ಹೋದ. ಕುದುರೆಯವನಿಗೆ ಎಚ್ಚರವಾಯಿತು. ತಿಮ್ಮಣ್ಣ ಹುಲ್ಲಿನಲ್ಲಿ ಅವಿತ. ಕುದುರೆಯವನು ಕತ್ತಲಲ್ಲಿ ಗೂಟವನ್ನು ಮತ್ತೆ ಹೊಡೆದಾಗ ಅದು ತಿಮ್ಮಣ್ಣನ ಅಂಗೈಯನ್ನೇ ಸೀಳಿ ನೆಲಕ್ಕೆ ಇಳಿಯಿತು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರೂ ಮಲಗಿದ ಮೇಲೆ ತನ್ನ ಕೈಯನ್ನೇ ಕಡಿದುಕೊಂಡು, ಕುದುರೆಯನ್ನು ಏರಿ ಬಂದುಬಿಟ್ಟನಂತೆ. ಕುದುರೆ ಕದ್ದವನು ಮನಸ್ಸು ಮಾಡಿದ್ದರೆ ತಲೆಯನ್ನೂ ಕಡಿಯಬಹುದಿತ್ತು ಎಂದು ಶತ್ರುಗಳಿಗೆ ಗೊತ್ತಾಗಿ ಸಂಧಿಯಾಯಿತು ಎನ್ನುತ್ತಾರೆ.

"ಇದು 'ಜನ ಹೇಳುವುದು' ಪಟ್ಟಿಗೆ" ಎಂದಳು ಮೊಮ್ಮಗಳು. ಪರವಾಗಿಲ್ಲ, ಗುಮಾಸ್ತನ ಮೊಮ್ಮಗಳು!

ಹಿಡಿಂಬೇಶ್ವರನ ಗುಡಿಯ ಕಥೆಯೂ ಅದೇ ಪಟ್ಟಿಗೆ ಸೇರಿತು. ಈ ಬೆಟ್ಟದಲ್ಲಿ ಹಿಡಿಂಬ ಎಂಬ ರಾಕ್ಷಸನಿದ್ದನಂತೆ, ಭೀಮಸೇನ ಅವನನ್ನು ಕೊಂದು ಅವನ ತಂಗಿ ಹಿಡಿಂಬೆಯನ್ನು ಮದುವೆಯಾದನಂತೆ. ಬೆಟ್ಟದ ಮೇಲೆ ಒಂದರ ಮೇಲೊಂದು ಕುಳಿತ ದೈತ್ಯ ಬಂಡೆಗಳನ್ನು ನೋಡಿದರೆ ಈ ಕಥೆ ಯಾಕೆ ಹುಟ್ಟಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಲ್ಲಿ ಬಂಡೆಗಳ ಮೇಲೆ ಸಾಲಾಗಿ ಕೊರೆದ ಸಣ್ಣ ಗುಳಿಗಳಿವೆ. ಕಲ್ಲು ಸೀಳಲು ಕಲ್ಲುಕುಟಿಗರು ಮಾಡಿದ ಗುರುತುಗಳು. ಒಂದು ಹಳ್ಳದಲ್ಲಿ ಮದ್ದು ಅರೆಯುವ ಭಾರಿ ಬೀಸುಕಲ್ಲುಗಳಿವೆ. ಕಣಜಗಳಿವೆ, ಎಣ್ಣೆ ಕೊಳವಿದೆ. ಇವೆಲ್ಲ 'ಕಣ್ಣಿಗೆ ಕಾಣುವುದು'. ರಾಜನ ಹೆಸರು ಕಲ್ಲಿನ ಮೇಲಿದೆ, ಕಲ್ಲು ಸೀಳಿದವನ ಹೆಸರಿಲ್ಲ, ಅವನು ಹಾಕಿದ ಗುಳಿ ಮಾತ್ರ ಉಳಿದಿದೆ.

ಹನ್ನೊಂದು ಗಂಟೆಯ ಹೊತ್ತಿಗೆ ಬಂಡೆ ಕಾದು ಸುಡತೊಡಗಿತು. ಒಯ್ದಿದ್ದ ಎರಡು ಬಾಟಲಿ ನೀರೂ ಮುಗಿಯಿತು. "ತಾತ, ಬಾಯಾರಿಕೆ" ಎಂದಳು. ಆಗ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕೂರಿಸಿ ಈ ಕೋಟೆಯ ನಿಜವಾದ ಗುಟ್ಟನ್ನು ಹೇಳಿದೆ.

ಶತ್ರು ಬಂದು ಸುತ್ತ ಕೂತರೆ ಕೋಟೆಯ ಜನ ಹೊರಗೆ ಬರುವಂತಿಲ್ಲ. ಕಣಜದಲ್ಲಿ ರಾಗಿ ಇರಬಹುದು, ಆದರೆ ನೀರಿಲ್ಲದಿದ್ದರೆ ಎಷ್ಟು ದಿನ? ಹತ್ತಿರದಲ್ಲಿ ಹೊಳೆಯಿಲ್ಲ, ಮಳೆಯೂ ಕಡಿಮೆ. ಹಾಗಾಗಿ ಬಂಡೆಯ ಮೇಲೆ ಬಿದ್ದ ಮಳೆಯ ನೀರನ್ನು ಪೋಲಾಗಲು ಬಿಡದೆ ಹಿಡಿದರು. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ, ಅದು ತುಂಬಿದರೆ ಇನ್ನೂ ಕೆಳಕ್ಕೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ, ಕೊನೆಗೆ ಊರಿನೊಳಗಿನ ಸಂತೆ ಹೊಂಡ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮಳೆಗಾಲದ ಜಮೆ, ಬೇಸಿಗೆಯ ಖರ್ಚು. ಹೈದರ್ ಅಲಿ 1777ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ದುರ್ಗ ಬೀಳಲಿಲ್ಲ. ಕಲ್ಲಿನ ಗೋಡೆಯಷ್ಟೇ ಈ ನೀರೂ ಊರನ್ನು ಕಾಪಾಡಿತ್ತು.

ಅಲ್ಲಿಂದ ಓಬವ್ವನ ಕಿಂಡಿಗೆ. ನನ್ನ ಮೊಣಕಾಲು ಆಗಲೇ ತಕರಾರು ಶುರು ಮಾಡಿತ್ತು. "ನೀವಿಬ್ಬರೂ ಹೋಗಿ ಬನ್ನಿ" ಎಂದೆ. ಮಗಳು ಏನೂ ಹೇಳದೆ ಕೈ ಚಾಚಿದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಪುಟ್ಟಿ. ಮೂವತ್ತು ವರ್ಷ ಮುಂದೂಡಿದ ಭಾನುವಾರ ಅಂತೂ ಬಂತು.

ಕಥೆ ನಿಮಗೆಲ್ಲ ಗೊತ್ತಿದೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿದ್ದನ್ನು ಅಜ್ಜ ಅಜ್ಜಿಯರು ಮರೆತಿರಲಾರರು. ಕೋಟೆ ಕಾಯುವ, ಕಹಳೆ ಊದುವ ಮುದ್ದ ಹನುಮ ಊಟಕ್ಕೆ ಮನೆಗೆ ಬಂದ. ಕುಡಿಯಲು ನೀರಿರಲಿಲ್ಲ. ಹೆಂಡತಿ ಓಬವ್ವ ಕೊಡ ಹಿಡಿದು ಹೊರಟಳು. ಕಿಂಡಿಯ ಹತ್ತಿರ ಪಿಸುಮಾತು ಕೇಳಿಸಿತು. ಹೈದರನ ಸೈನಿಕರು ಒಬ್ಬೊಬ್ಬರಾಗಿ ಒಳಗೆ ನುಸುಳುತ್ತಿದ್ದರು. ಊಟಕ್ಕೆ ಕೂತ ಗಂಡನನ್ನು ಎಬ್ಬಿಸದೆ ಮನೆಯ ಒನಕೆ ತಂದಳು. ತಲೆ ಹೊರಗೆ ಬಂದಂತೆಲ್ಲ ಒಂದೊಂದೇ ಪೆಟ್ಟು. ಗಂಡ ಬಂದು ನೋಡಿ ಕಹಳೆ ಊದಿದ, ಸೈನ್ಯ ಓಡಿ ಬಂತು. ಅವಳು ಅಂದೇ ಪ್ರಾಣ ಬಿಟ್ಟಳು ಎನ್ನುತ್ತಾರೆ.

ಕಿಂಡಿಯ ಮುಂದೆ ನಿಂತಾಗ ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಂಡೆಗಳ ನಡುವೆ ಇಕ್ಕಟ್ಟಾದ ಸಂದು. ದೊಡ್ಡವರು ಬಗ್ಗಿ, ಮೈ ಹಿಂಡಿಕೊಂಡೇ ನುಸುಳಬೇಕು. ಮೊಮ್ಮಗಳು ಆ ಕಡೆಯಿಂದ ತಲೆ ತೂರಿಸಿದಳು. ಕೈ ಇನ್ನೂ ಹಿಂದೆಯೇ ಇತ್ತು. ಕೂಡಲೇ ಕೂಗಿದಳು: "ತಾತ! ಇಲ್ಲಿ ಕತ್ತಿ ಎತ್ತೋಕೇ ಆಗಲ್ಲ! ಇಬ್ಬರು ಒಟ್ಟಿಗೆ ಬರೋಕೂ ಆಗಲ್ಲ!"

ಹುಡುಗನ ಮೊದಲ ಪ್ರಶ್ನೆಗೆ ಬಂಡೆಯೇ ಉತ್ತರ ಕೊಟ್ಟಿತ್ತು.

ಎರಡನೆಯ ಪ್ರಶ್ನೆಗೆ ಮಗಳು ಉತ್ತರ ಹುಡುಕಿದಳು. ಅಲ್ಲೇ ಹತ್ತಿರದಲ್ಲಿ ಬಂಡೆಯ ಕೆಳಗೆ ನೆರಳಿನಲ್ಲಿ ತಣ್ಣೀರು ದೋಣಿ ಇದೆ. ಹೆಸರಿಗೆ ತಕ್ಕಂತೆ ತಣ್ಣನೆಯ ನೀರು. ಓಬವ್ವ ಕೊಡ ತುಂಬಲು ಬಂದದ್ದು ಇಲ್ಲಿಗೇ ಎನ್ನುತ್ತಾರೆ. "ಅವಳಿಗೆ ಅಲ್ಲೇನು ಕೆಲಸ ಅಂತ ಕೇಳಿದನಲ್ಲ ನಿನ್ನ ಗೆಳೆಯ? ಇದೇ ಕೆಲಸ. ಮನೆಗೆ ನೀರು ತರುವುದು" ಎಂದಳು ಮಗಳು, ನನ್ನ ಮುಖ ನೋಡದೆ.

ನಾನು ಅಲ್ಲೇ ಬಂಡೆಯ ಮೇಲೆ ಕೂತೆ. "ಅವತ್ತು ನಿನ್ನನ್ನು ಗದರಬಾರದಿತ್ತು ಕಣಮ್ಮ. ನಾನೇ ಬಂದು ನೋಡಿರಲಿಲ್ಲ" ಎಂದೆ. "ಇರಲಿ ಬಿಡಪ್ಪ. ಈಗ ಬಂದೆಯಲ್ಲ" ಎಂದಳು.

ಮೊಮ್ಮಗಳು ಬಿಡಲಿಲ್ಲ. "ಹಾಗಾದರೆ ಓಬವ್ವ ಯಾವ ಪಟ್ಟಿಗೆ ತಾತ?"

ಹೀಗೆ ಹೇಳಿದೆ: "ಕಿಂಡಿ ಕಣ್ಣಿಗೆ ಕಾಣುತ್ತದೆ. ನೀರು ಕಾಣುತ್ತದೆ. ಹೈದರನ ಮುತ್ತಿಗೆ ಇತಿಹಾಸದ ಪುಸ್ತಕದಲ್ಲಿದೆ. ಓಬವ್ವನ ಹೆಸರನ್ನು ಉಳಿಸಿಕೊಂಡು ಬಂದವರು ಜನ. ಕೆರೆ ಕಟ್ಟಿಸಿದ ರಾಜ ಕಲ್ಲಿನಲ್ಲಿ ಹೆಸರು ಕೆತ್ತಿಸಬಲ್ಲ. ಕಾವಲುಗಾರನ ಹೆಂಡತಿಗೆ ಯಾರು ಕೆತ್ತಿಸುತ್ತಾರೆ? ಅದಕ್ಕೇ ಜನ ಬಾಯಲ್ಲಿ ಇಟ್ಟುಕೊಂಡರು. ಭಾಷಣದಲ್ಲಿ 'ಜನ ಹೀಗೆ ಹೇಳುತ್ತಾರೆ' ಎಂದೇ ಹೇಳು. ನಾಚಿಕೆಪಡಬೇಡ."

ಕೋಟೆ ಕೊನೆಗೂ ಉಳಿಯಲಿಲ್ಲ. 1779ರಲ್ಲಿ ಹೈದರನ ವಶವಾಯಿತು. ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ದುರ್ಗದ ಸುಮಾರು 20,000 ಜನರನ್ನೂ ಅಲ್ಲಿಗೆ ಸಾಗಿಸಿದರು ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ದುರ್ಗದ ಈ ಕೊನೆಯ ದಿನಗಳನ್ನೇ ತ.ರಾ.ಸು. ಅವರು 'ದುರ್ಗಾಸ್ತಮಾನ' ಕಾದಂಬರಿ ಮಾಡಿದರು. ನಾಯಕ ಹೋದ, ಸೈನ್ಯ ಹೋಯಿತು. ಕೊಡ ಹಿಡಿದು ಹೋದ ಹೆಂಗಸಿನ ಹೆಸರು ಮಾತ್ರ ಕೋಟೆಯ ಕಿಂಡಿಗೆ ಇವತ್ತಿಗೂ ಅಂಟಿಕೊಂಡಿದೆ.

ನವೆಂಬರ್ 11ರಂದು ಮೊಮ್ಮಗಳು ಭಾಷಣ ಮಾಡಿದಳು. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. "ದುರ್ಗದಲ್ಲಿ ಒಂದು ಮಧ್ಯಾಹ್ನ ಒಂದು ಮನೆಯಲ್ಲಿ ನೀರು ಮುಗಿದಿತ್ತು" ಎಂದು ಶುರು ಮಾಡಿದಳು. ಕಿಂಡಿ ಎಷ್ಟು ಇಕ್ಕಟ್ಟು ಎಂಬುದನ್ನು ಭುಜ ಕುಗ್ಗಿಸಿ ತೋರಿಸಿದಳು. ಮುಗಿದ ಮೇಲೆ ಆ ಹುಡುಗ ಬಂದು ಕೇಳಿದ್ದು ಒಂದೇ ಮಾತು: "ಆ ನೀರು ಈಗಲೂ ಇದೆಯಾ?"

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಬಿಸಿಲೇರುವ ಮೊದಲೇ ಹತ್ತಿ, ಜಾರದ ಚಪ್ಪಲಿ ಹಾಕಿ, ತಿಂಡಿಯನ್ನು ಚೀಲದೊಳಗೇ ಇಡಿ, ಕೋತಿಗಳಿವೆ. ಮೊಣಕಾಲು ನೋಯುತ್ತದೆಂದು ಮುಂದಿನ ಭಾನುವಾರಕ್ಕೆ ಮುಂದೂಡಬೇಡಿ. ಮತ್ತೆ, ನೀರು ಮಾತ್ರ ಸ್ವಲ್ಪ ಜಾಸ್ತಿಯೇ ಒಯ್ಯಿರಿ.