ನಿಮಗಿದು ಗೊತ್ತೆ? ಒಂದೇ ಸಾಲು, ಹಲವು ಅರ್ಥ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಯ ಕಾರಣಿಕ, ಅಂದರೆ ಭವಿಷ್ಯವಾಣಿ, ಒಂದೇ ಸಾಲಿನದು. ಅದನ್ನು ನುಡಿಯುವ ಗೊರವಯ್ಯ ದಿನಗಟ್ಟಲೆ ಉಪವಾಸವಿದ್ದು, ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ಲಕ್ಷಾಂತರ ಜನರ ಗದ್ದಲ ತಟ್ಟನೆ ಅಡಗುತ್ತದೆ. ನುಡಿ ಹೊರಬಿದ್ದದ್ದೇ ತಡ, ಅವರು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾರೆ. ಕೆಳಗೆ ಕಾದು ನಿಂತ ಭಕ್ತರು ಕೈಚಾಚಿ ಹಿಡಿಯುತ್ತಾರೆ.

ಭಾಷೆಯ ತತ್ವಶಾಸ್ತ್ರಕ್ಕೆ ಕೆಲಸ ಸಿಗುವುದು ಆಮೇಲೆ. ಅದೇ ಸಾಲಿನಲ್ಲಿ ರೈತರು ಮಳೆ–ಬೆಳೆ ಕಾಣುತ್ತಾರೆ, ರಾಜಕಾರಣದವರು ಸರ್ಕಾರದ ಗತಿ ಕಾಣುತ್ತಾರೆ. ಮಾತಿನ ಅರ್ಥಕ್ಕೆ ಆಡಿದವರ ಉದ್ದೇಶವೇ ಮೂಲ ಎಂದು ಬ್ರಿಟನ್ನಿನ ತತ್ವಜ್ಞಾನಿ ಪಾಲ್ ಗ್ರೈಸ್ 1957ರಲ್ಲಿ ವಾದಿಸಿದರು. ನಮ್ಮ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಬಹಳ ಹಿಂದೆಯೇ ಇದನ್ನು ‘ತಾತ್ಪರ್ಯ’ ಎಂದು ಚರ್ಚಿಸಿದ್ದರು.

ಮೈಲಾರದ ಪ್ರಶ್ನೆ ಇನ್ನೂ ಆಳದ್ದು. ಕಾರಣಿಕ ಗೊರವಯ್ಯನ ಸ್ವಂತ ಮಾತಲ್ಲ, ಮೈಲಾರಲಿಂಗನ ವಾಣಿ ಎಂಬುದು ಭಕ್ತರ ನಂಬಿಕೆ. ಹಾಗಿದ್ದರೆ ಉದ್ದೇಶವನ್ನು ಯಾರ ಮನಸ್ಸಿನಲ್ಲಿ ಹುಡುಕಬೇಕು? ನುಡಿದವರು ವಿವರಿಸುವುದಿಲ್ಲ. ಅರ್ಥ ಬಿಡಿಸುವ ಹೊಣೆ ಕೇಳಿದವರದೇ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಊರಕಟ್ಟೆಗಳಲ್ಲಿ ಮುಂಗಾರು ಹಿಡಿಯುವವರೆಗೂ ಆ ಬಿಡಿಸಾಟ ನಡೆದೇ ಇರುತ್ತದೆ.